ಹಳೆಯ ಪಾಮ್, ಡಿಜಿಟಲ್ ಡೈರಿಯಿಂದ ಹೊಸ ಫೋನಿಗೆ: ಹೆಸರು, ನಂಬರು, ದಿನಾಂಕ ಸಾಗಿಸುವ ಪೂರ್ತಿ ವಿಧಾನ

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಈಗಲೂ ಒಂದು ಹಳೆಯ ಡಿಜಿಟಲ್ ಡೈರಿಯೋ, ಪಾಮ್ ಎಂಬ ಅಂಗೈ ಗಾತ್ರದ, ಪೆನ್ನಿನಿಂದ ಮುಟ್ಟಿ ಬಳಸುವ ಸಾಧನವೋ ಉಂಟು. ದುಬೈಯಿಂದ ರಜೆಗೆ ಬಂದ ಚಿಕ್ಕಪ್ಪ ತಂದ ಕ್ಯಾಸಿಯೊ, ಅಮೆರಿಕದಲ್ಲಿರುವ ಮಗ ಕಳಿಸಿದ ಪಾಮ್ ಫೈವ್, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದಾಗ ಅಪ್ಪ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಪಾಮ್ ಟಂಗ್‌ಸ್ಟನ್. ಸಾಧನಕ್ಕೆ ಇವತ್ತು ಬೆಲೆ ಇಲ್ಲದಿರಬಹುದು. ಒಳಗಿರುವುದಕ್ಕೆ ಉಂಟು. ನೆಂಟರ ಹೆಸರುಗಳು, ಜಾಗದ ಸರ್ವೆ ನಂಬರು, ಎಲ್‌ಐಸಿ ಪಾಲಿಸಿ, ಮಕ್ಕಳ ಜನ್ಮನಕ್ಷತ್ರ, ಯಾರಿಗೆ ಎಷ್ಟು ಕೊಟ್ಟದ್ದು ಎಂಬ ಲೆಕ್ಕ. ಇವೆಲ್ಲ ಬೇರೆ ಎಲ್ಲೂ ಬರೆದಿರುವುದಿಲ್ಲ.

ಇದನ್ನು ಹೊರಗೆ ತೆಗೆಯಲು ಸಾಧ್ಯ. ಆದರೆ ಕ್ರಮ ತಪ್ಪಬಾರದು. ಮೊದಲು ಬ್ಯಾಟರಿ, ಆಮೇಲೆ ಪ್ರತಿ, ಆಮೇಲೆ ಸಾಗಣೆ, ಕೊನೆಗೆ ತಿದ್ದುಪಡಿ. ಎಲ್ಲರೂ ಸಾಗಣೆಯಿಂದಲೇ ಶುರು ಮಾಡುತ್ತಾರೆ, ಅಲ್ಲೇ ಮಾಹಿತಿ ಹೋಗುವುದು. ಇಲ್ಲಿ ಜಾಸ್ತಿ ಪಾಮ್ ಬಗ್ಗೆಯೇ ಬರೆದಿದ್ದೇನೆ. ಯಾಕೆಂದರೆ ಅದರೊಳಗಿನದನ್ನು ಇವತ್ತಿಗೂ ಇಡಿಯಾಗಿ ಹೊರಗೆ ತರಬಹುದು. ಕ್ಯಾಸಿಯೊ ಮತ್ತು ಕೀಪ್ಯಾಡ್ ಫೋನಿನ ದಾರಿ ಬೇರೆ, ಅದೂ ಮುಂದೆ ಬರುತ್ತದೆ.

ಆನ್ ಮಾಡುವ ಮೊದಲು

ಮೊದಲ ಪಾಮ್ ಪೈಲಟ್ ಬಂದದ್ದು 1996ರಲ್ಲಿ. ಆಗಿನಿಂದ 2004ರ ತನಕ ಬಂದ ಹೆಚ್ಚುಕಮ್ಮಿ ಎಲ್ಲ ಪಾಮ್‌ಗಳಲ್ಲಿ ಮಾಹಿತಿ ನಿಂತಿರುವುದು ಬ್ಯಾಟರಿಯ ಮೇಲೆ. ಬ್ಯಾಟರಿ ಪೂರ್ತಿ ಸತ್ತರೆ ನೆನಪೂ ಹೋಯಿತು. 2004ರಲ್ಲಿ ಬಂದ ಟ್ರಿಯೊ 650, ಟಂಗ್‌ಸ್ಟನ್ ಟಿ5, ಆಮೇಲಿನ ಟಂಗ್‌ಸ್ಟನ್ ಇ2, ಟಿಎಕ್ಸ್, ಝಡ್22 ಇಂಥವುಗಳಲ್ಲಿ ಮಾತ್ರ ಬ್ಯಾಟರಿ ಇಳಿದರೂ ಮಾಹಿತಿ ಉಳಿಯುತ್ತದೆ. ನಿಮ್ಮ ಹತ್ತಿರ ಇರುವುದು ಯಾವುದು ಎಂದು ಹಿಂಬದಿಯ ಚೀಟಿ ನೋಡಿ ಮೊದಲು ಗೊತ್ತು ಮಾಡಿಕೊಳ್ಳಿ. ನಿಮಗೆ ಎಷ್ಟು ಅವಸರ ಇರಬೇಕು ಎಂಬುದು ಅದರ ಮೇಲೆ ನಿಂತಿದೆ.

ಪಾಮ್ ತ್ರೀ, ಎಂ100, ಹ್ಯಾಂಡ್‌ಸ್ಪ್ರಿಂಗ್ ವೈಸರ್ ಇಂಥವುಗಳಿಗೆ ಎರಡು ಸಣ್ಣ ಪೆನ್ಸಿಲ್ ಸೆಲ್ ಬೇಕು, ಗಡಿಯಾರಕ್ಕೆ ಹಾಕುವುದಕ್ಕಿಂತ ತೆಳ್ಳಗಿನದ್ದು. ಸಾಧನ ಈಗ ಆನ್ ಆಗುತ್ತದೆ, ಆದರೆ ಸೆಲ್ ಇಳಿದಿದೆ ಅಂದರೆ ಜಾಗ್ರತೆ. ಸೆಲ್ ತೆಗೆದ ಮೇಲೆ ಒಳಗಿನ ಒಂದು ಚಿಕ್ಕ ಕೆಪಾಸಿಟರ್ ಸುಮಾರು ಒಂದು ನಿಮಿಷ ಮಾತ್ರ ನೆನಪನ್ನು ಹಿಡಿದಿಡುತ್ತದೆ. ಹಳೆಯ ಸಾಧನದಲ್ಲಿ ಅಷ್ಟೂ ಇರಲಿಕ್ಕಿಲ್ಲ. ಹೊಸ ಸೆಲ್‌ಗಳ ಪ್ಲಾಸ್ಟಿಕ್ ಹರಿದು, ಪ್ಲಸ್ ಮೈನಸ್ ನೋಡಿ, ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ತೆಗೆಯಿರಿ. ತೆಗೆಯುವ ಮೊದಲು ಪಾಮ್ ಆಫ್ ಇರಲಿ. ಒಂದು ತೆಗೆದು ಒಂದು ಹಾಕಿ, ಮತ್ತೆ ಇನ್ನೊಂದು.

ಪಾಮ್ ಫೈವ್, ಎಂ500, ಝೈರ್, ಟಂಗ್‌ಸ್ಟನ್ ಇವುಗಳಲ್ಲಿ ಒಳಗೇ ಕೂರಿಸಿದ ಬ್ಯಾಟರಿ. ಚಾರ್ಜರ್ ಹಾಕುವ ಮೊದಲು ಅದರ ಮೇಲೆ ಬರೆದದ್ದು ಓದಿ. ಗಲ್ಫ್‌ನಿಂದ ಬಂದದ್ದಾದರೆ ಸಾಮಾನ್ಯವಾಗಿ ವೋಲ್ಟೇಜ್ ನಮ್ಮದೇ ಲೆಕ್ಕ, ಪಿನ್ ಮಾತ್ರ ಬೇರೆ. ಸೌದಿಯಿಂದ ಬಂದದ್ದು ಮಾತ್ರ ಅಮೆರಿಕದ್ದರ ಹಾಗೆ ಕಡಿಮೆ ವೋಲ್ಟಿನದ್ದೂ ಇರಬಹುದು. ಅಮೆರಿಕದಿಂದ ಬಂದದ್ದರಲ್ಲಿ 100–240 ವೋಲ್ಟ್ ಎಂದಿದ್ದರೆ ಸರಿ. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಹಾಕಲೇಬೇಡಿ.

ನಮ್ಮ ಕಡೆಯ ಇನ್ನೊಂದು ಕಾಟ ಉಪ್ಪುಗಾಳಿ ಮತ್ತು ಮಳೆಗಾಲದ ತೇವ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಸರು ಬರುತ್ತದೆ, ಇನ್ನು ಲೋಹದ ಪಟ್ಟಿ ಕೇಳಬೇಕಾ? ಪಾಮ್‌ನ ಕೆಳಗಿನ ಚಿಕ್ಕ ಚಿನ್ನದ ಬಣ್ಣದ ಪಟ್ಟಿಗಳಲ್ಲಿ, ಅದನ್ನು ಕೂರಿಸುವ ಕ್ರೇಡಲ್‌ನ ಮುಳ್ಳುಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಿವಿ ಕಡ್ಡಿ ಅದ್ದಿ ನಿಧಾನ ಒರೆಸಿ, ಪೂರ್ತಿ ಒಣಗಲು ಬಿಡಿ. ಸಾಧನ ಚಾರ್ಜ್ ಆಗುತ್ತಿಲ್ಲ ಅಂದುಕೊಂಡ ಕಡೆ ಎಷ್ಟೋ ಸಲ ಸಮಸ್ಯೆ ಇಷ್ಟೇ ಇರುತ್ತದೆ. ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಸ್ವಲ್ಪ ವಿನೆಗರ್ ಹಚ್ಚಿ ಒರೆಸಿದರೆ ಬಿಡುತ್ತದೆ.

ಪಾಮ್ ಖಾಲಿ ಬಂದರೆ ಅಲ್ಲಿಗೆ ಬಿಡಬೇಡಿ

ಚಾರ್ಜ್ ಮಾಡಿ ಆನ್ ಮಾಡಿದಾಗ ಪಾಮ್ ಹೊಸದರಂತೆ ಸ್ವಾಗತ ಹೇಳಿ, ಪೆನ್ನಿನಿಂದ ಮೂಲೆ ಮುಟ್ಟಿ ಎಂದು ಕೇಳಿದರೆ ಒಳಗೆ ಏನೂ ಉಳಿದಿಲ್ಲ ಎಂದೇ ಅರ್ಥ. ಇಲ್ಲಿ ಜನ ಕೈ ಬಿಡುತ್ತಾರೆ. ಬಿಡಬಾರದು.

ಪಾಮ್ ಇರುವ ರೀತಿಯೇ ಹಾಗೆ, ಅದರ ಮಾಹಿತಿ ಯಾವತ್ತೂ ಎರಡು ಕಡೆ ಇರುತ್ತಿತ್ತು. ಕ್ರೇಡಲ್‌ನಲ್ಲಿ ಕೂರಿಸಿ ಹಾಟ್‌ಸಿಂಕ್ ಬಟನ್ ಒತ್ತಿದಾಗಲೆಲ್ಲ ಒಂದು ಪ್ರತಿ ಕಂಪ್ಯೂಟರಿಗೆ ಹೋಗುತ್ತಿತ್ತು. ಹಾಗಾಗಿ ಅಟ್ಟದ ಮೇಲಿನ ಹಳೆಯ ಕಂಪ್ಯೂಟರ್ ಹುಡುಕಿ. ಅದು ಆನ್ ಆಗದಿದ್ದರೂ ಪರವಾಗಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಹಾಕಿ ಓದಬಹುದು. ಹಳೆಯ ಡಿಸ್ಕಿಗೆ ಅಗಲ ಪಟ್ಟಿಯ ಐಡಿಇ ಜೋಡಣೆ ಇರುತ್ತದೆ. ಅಂಗಡಿಯಲ್ಲಿ ಕೇಳುವಾಗ ಐಡಿಇ ಮತ್ತು ಸಾಟಾ ಎರಡಕ್ಕೂ ಆಗುವ ಅಡಾಪ್ಟರ್ ಎಂದು ಕೇಳಿ.

ಡಿಸ್ಕಿನಲ್ಲಿ ಸಿ ಡ್ರೈವಿನೊಳಗೆ ನೇರವಾಗಿ ಅಥವಾ ಪ್ರೋಗ್ರಾಂ ಫೈಲ್ಸ್ ಒಳಗೆ ಪಾಮ್ ಅಥವಾ ಪಾಮ್‌ಒನ್ ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ ಬಳಸಿದವರ ಹೆಸರನ್ನು ಚುಟುಕು ಮಾಡಿದ ಇನ್ನೊಂದು ಫೋಲ್ಡರ್. ಅದರೊಳಗೆ ಅಡ್ರೆಸ್, ಡೇಟ್‌ಬುಕ್, ಟುಡು, ಮೆಮೊಪ್ಯಾಡ್, ಬ್ಯಾಕಪ್ ಎಂಬ ಫೋಲ್ಡರ್‌ಗಳು. ಇವು ಸಿಕ್ಕಿದರೆ ಅರ್ಧ ಗೆದ್ದಂತೆ. ಒಂದೊಂದೇ ಫೈಲ್ ಆರಿಸಬೇಡಿ, ಹೊರಗಿನ ಪಾಮ್ ಫೋಲ್ಡರನ್ನೇ ಇಡಿಯಾಗಿ ಎತ್ತಿ ಪೆನ್‌ಡ್ರೈವಿಗೆ ಹಾಕಿ. ಯಾರು ಯಾರು ಬಳಸಿದ್ದು ಎಂಬ ಪಟ್ಟಿಯ ಫೈಲ್ ಆ ಹೊರಗಿನ ಫೋಲ್ಡರಿನಲ್ಲೇ ಇರುತ್ತದೆ. ಅದಿಲ್ಲದಿದ್ದರೆ ಆಮೇಲೆ ಪಾಮ್ ಡೆಸ್ಕ್‌ಟಾಪ್‌ಗೆ, ಅಂದರೆ ಪಾಮ್‌ನ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಪ್ರೋಗ್ರಾಂಗೆ, ಹೆಸರು ಗೊತ್ತಾಗುವುದಿಲ್ಲ.

ಕಚೇರಿಯಲ್ಲಿ ಔಟ್‌ಲುಕ್ ಎಂಬ ಇಮೇಲ್, ದಿನಚರಿಯ ಪ್ರೋಗ್ರಾಂ ಜೊತೆ ಸಿಂಕ್ ಮಾಡುತ್ತಿದ್ದವರಿಗೆ ಈ ಫೋಲ್ಡರ್‌ಗಳು ಖಾಲಿ ಕಾಣಬಹುದು. ಅವರ ಮಾಹಿತಿ ಔಟ್‌ಲುಕ್‌ನ ಪಿಎಸ್‌ಟಿ ಫೈಲಿನಲ್ಲಿ ಕೂತಿರುತ್ತದೆ. ಡಿಸ್ಕಿನಲ್ಲಿ ಆ ಫೈಲನ್ನೂ ಹುಡುಕಿ.

ಮೊದಲ ಪ್ರತಿ: ಪಾಮ್‌ನಿಂದ ಕಂಪ್ಯೂಟರಿಗೆ

ಪಾಮ್‌ನಲ್ಲಿ ಮಾಹಿತಿ ಇದೆ ಎಂದಾದರೆ ಅದನ್ನು ಈಗ ಕಂಪ್ಯೂಟರಿಗೆ ತರಬೇಕು. ಇಲ್ಲಿ ಒಂದು ಗೋಡೆ ಉಂಟು. ಪಾಮ್‌ನ ಯುಎಸ್‌ಬಿ ಡ್ರೈವರ್ ಬರೆದದ್ದು 32 ಬಿಟ್ ವಿಂಡೋಸ್‌ಗೆ. ಇವತ್ತಿನ ಲ್ಯಾಪ್‌ಟಾಪ್‌ಗಳೆಲ್ಲ 64 ಬಿಟ್. ಪಾಮ್ ಡೆಸ್ಕ್‌ಟಾಪ್ ಪ್ರೋಗ್ರಾಂ ತೆರೆದುಕೊಳ್ಳಬಹುದು, ಆದರೆ ಯುಎಸ್‌ಬಿ ತಂತಿ ಹಾಕಿ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ತಂತಿ ಹಾಳಾಗಿದೆ ಅಂತ ಸುಮ್ನೆ ಹೊಸದು ಕೊಳ್ಳಬೇಡಿ.

ದಾರಿಗಳು ಮೂರು ನಾಲ್ಕು ಇವೆ. ನನಗೆ ಸುಲಭ ಅನ್ನಿಸುವುದು ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಲ್ಯಾಪ್‌ಟಾಪ್. ನೆಂಟರ ಮನೆಯಲ್ಲಿ ಕೇಳಿದರೆ ಒಂದು ಸಿಕ್ಕೇ ಸಿಗುತ್ತದೆ. ಅದನ್ನು ಇಂಟರ್ನೆಟ್ಟಿಗೆ ಜೋಡಿಸಬೇಡಿ. ಪಾಮ್ ಡೆಸ್ಕ್‌ಟಾಪ್ ಅನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಎರಡನೆಯದು ಲಿನಕ್ಸ್. ಅದರಲ್ಲಿ ಜೆ-ಪೈಲಟ್ ಎಂಬ ಪ್ರೋಗ್ರಾಂ ಪಾಮ್ ಜೊತೆ ನೇರ ಮಾತಾಡುತ್ತದೆ. ಕಂಪ್ಯೂಟರ್ ಕಲಿತ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಒಪ್ಪಿಸಿ. ಒಂದು ವಿಷಯ ಮಾತ್ರ ಹೇಳಿಡಿ: ಬಟನ್ ಒತ್ತಿದ ಮೇಲೆ ಮಾತ್ರ ಪಾಮ್ ಲಿನಕ್ಸ್‌ಗೆ ಕಾಣಿಸುತ್ತದೆ, ಅದಕ್ಕೆ ಮೊದಲು ಹುಡುಕಿದರೆ ಇಲ್ಲ ಎನ್ನುತ್ತದೆ. ಮೂರನೆಯದು ಬ್ಲೂಟೂತ್. ಟಂಗ್‌ಸ್ಟನ್ ಟಿ, ಟಿ3, ಇ2, ಟಿಎಕ್ಸ್, ಝೈರ್ 72 ಇವುಗಳಲ್ಲಿ ಬ್ಲೂಟೂತ್ ಇದೆ. ಅದರ ಮೂಲಕ 64 ಬಿಟ್ ವಿಂಡೋಸ್‌ಗೂ ಹಾಟ್‌ಸಿಂಕ್ ಆಗುತ್ತದೆ, ನಿಧಾನ ಅಷ್ಟೇ. ಪಾಮ್ ತ್ರೀಯಂಥ ತೀರಾ ಹಳೆಯದರ ಕ್ರೇಡಲ್‌ಗೆ ಒಂಬತ್ತು ಪಿನ್‌ನ ಸೀರಿಯಲ್ ತಂತಿ ಇರುತ್ತದೆ. ವಿಚಿತ್ರ ಅಂದರೆ ಹೊಸ ಕಂಪ್ಯೂಟರಿಗೆ ಅದೇ ಸುಲಭ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಹಾಕಿದರೆ ಆಯಿತು.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಬಟನ್ ಒತ್ತುವ ಮೊದಲು ಕಂಪ್ಯೂಟರಿನ ಹಾಟ್‌ಸಿಂಕ್ ಮೆನುವಿನಲ್ಲಿ ಕಸ್ಟಮ್ ತೆರೆಯಿರಿ. ಅಡ್ರೆಸ್, ಡೇಟ್‌ಬುಕ್, ಟುಡು, ಮೆಮೊ ನಾಲ್ಕಕ್ಕೂ ‘ಹ್ಯಾಂಡ್‌ಹೆಲ್ಡ್ ಓವರ್‌ರೈಟ್ಸ್ ಡೆಸ್ಕ್‌ಟಾಪ್’ ಎಂದು ಇಡಿ. ಅಂದರೆ ಪಾಮ್‌ನಲ್ಲಿ ಇದ್ದದ್ದೇ ಕಂಪ್ಯೂಟರಿಗೆ ಬರಲಿ ಎಂದು. ಇದರ ಉಲ್ಟಾ ಆಯ್ಕೆಯೂ ಅದರ ಪಕ್ಕದಲ್ಲೇ ಇರುತ್ತದೆ. ಅದನ್ನು ಒತ್ತಿದರೆ ಖಾಲಿ ಕಂಪ್ಯೂಟರ್ ಬಂದು ತುಂಬಿದ ಪಾಮ್ ಅನ್ನು ಅಳಿಸಿ ಹಾಕುತ್ತದೆ. ಇಂಗ್ಲಿಷ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಎರಡು ಸಲ ಓದಿ. ಕಂಪ್ಯೂಟರಿನಲ್ಲಿ ಹಳೆಯ ಪಾಮ್ ಫೋಲ್ಡರ್ ಇದ್ದರೆ ಸಿಂಕ್‌ಗೆ ಮೊದಲು ಅದರ ಒಂದು ಪ್ರತಿ ಬೇರೆ ಕಡೆ ಇಡಿ. ಪಾಮ್‌ನಲ್ಲಿ ಅಳಿಸಿದ್ದು ಅಲ್ಲಿ ಉಳಿದಿರಬಹುದು.

ಗುಟ್ಟಿನ ದಾಖಲೆಗಳ ಬಗ್ಗೆ. ಪಾಮ್‌ನಲ್ಲಿ ಕೆಲವನ್ನು ಪ್ರೈವೇಟ್ ಮಾಡಿ ಪಾಸ್‌ವರ್ಡ್ ಹಾಕಿರುತ್ತಾರೆ. ಪಾಸ್‌ವರ್ಡ್ ಮರೆತಿದೆ ಎಂದು ‘ಫರ್ಗಾಟನ್ ಪಾಸ್‌ವರ್ಡ್’ ಒತ್ತಿದರೆ ಆ ದಾಖಲೆಗಳೆಲ್ಲ ಅಳಿದುಹೋಗುತ್ತವೆ. ಅಪ್ಪನನ್ನೋ ಅಮ್ಮನನ್ನೋ ಕೇಳಿ, ಹಳೆಯ ಬೈಕಿನ ನಂಬರೋ ಮನೆ ನಂಬರೋ ಇರುತ್ತದೆ. ಗೊತ್ತಾಗದಿದ್ದರೂ ಮೊದಲು ಹಾಟ್‌ಸಿಂಕ್ ಮುಗಿಸಿ, ಆಮೇಲೆ ಅದರ ಯೋಚನೆ ಮಾಡಿ.

ಸಿಂಕ್ ಮುಗಿದ ಕೂಡಲೇ ಆ ಫೋಲ್ಡರನ್ನು ಪೆನ್‌ಡ್ರೈವಿಗೂ ಇನ್ನೊಂದು ಕಂಪ್ಯೂಟರಿಗೂ ಹಾಕಿ, ದಿನಾಂಕ ಬರೆದು ಇಡಿ. ಇದು ಮೂಲ ಪ್ರತಿ. ಇನ್ನು ಮುಂದೆ ಇದನ್ನು ಯಾರೂ ತಿದ್ದಬಾರದು. ಮುಂದಿನ ಕೆಲಸವೆಲ್ಲ ಇದರ ನಕಲಿನ ಮೇಲೆ.

ಹಳೆಯ ಪಾಮ್‌ನಿಂದ ಇನ್ನೊಂದು ಪಾಮ್‌ಗೆ

ಕೆಲವರಿಗೆ ಈಗಲೂ ಪಾಮ್ ಮೇಲೆಯೇ ಪ್ರೀತಿ. ಪರದೆ ಕೆಟ್ಟಿದೆ ಎಂದು ಸೆಕೆಂಡ್ ಹ್ಯಾಂಡ್ ಒಂದು ತರಿಸುತ್ತಾರೆ. ಅವರಿಗೆ ಕೆಲಸ ಕಡಿಮೆ, ಅಪಾಯ ಬೇರೆ. ಹಳೆಯದನ್ನು ಕೊನೆಯ ಸಲ ಸಿಂಕ್ ಮಾಡಿ. ಕಂಪ್ಯೂಟರಿನಲ್ಲಿ ಬ್ಯಾಕಪ್ ಎಂಬ ಫೋಲ್ಡರಿನ ಹೆಸರು ಬದಲಿಸಿ, ಉದಾಹರಣೆಗೆ ಬ್ಯಾಕಪ್-ಹಳೆಯದು ಎಂದು. ಯಾಕೆಂದರೆ ಅದರಲ್ಲಿ ಹಳೆಯ ಸಾಧನದ ಸೆಟ್ಟಿಂಗ್‌ಗಳು, ಹಳೆಯ ಪ್ರೋಗ್ರಾಂಗಳು ಇರುತ್ತವೆ. ಅವು ಹೊಸ ಪಾಮ್‌ಗೆ ಹೋದರೆ ಅದು ಮತ್ತೆ ಮತ್ತೆ ರೀಸೆಟ್ ಆಗುತ್ತಾ ಕೂರುತ್ತದೆ. ವಿಳಾಸ, ದಿನಚರಿ, ಟುಡು, ಮೆಮೊ ನಾಲ್ಕೂ ಬ್ಯಾಕಪ್ ಫೋಲ್ಡರಿನಲ್ಲಿ ಇಲ್ಲ, ಹಾಗಾಗಿ ಅವಕ್ಕೆ ಏನೂ ಆಗುವುದಿಲ್ಲ. ಹೊಸದನ್ನು ಸಿಂಕ್ ಮಾಡುವಾಗ ಹಳೆಯ ಬಳಕೆದಾರರ ಹೆಸರನ್ನೇ ಆರಿಸಿ. ಅದು ಮುಗಿದ ಮೇಲೆ ಹಳೆಯ ಪಾಮ್ ಅನ್ನು ಅದೇ ಕಂಪ್ಯೂಟರಿಗೆ ಮತ್ತೆ ಸಿಂಕ್ ಮಾಡಬಾರದು. ಒಂದೇ ಹೆಸರಿನ ಎರಡು ಪಾಮ್ ಇದ್ದರೆ ಯಾವುದು ಹೊಸದು ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಕಂಪ್ಯೂಟರ್ ಇಲ್ಲವೇ ಇಲ್ಲ ಎಂದಾದರೆ ಎರಡೂ ಪಾಮ್‌ಗಳ ಮೇಲಿನ ಕಪ್ಪು ಕಿಟಕಿಗಳನ್ನು ಗೇಣುದ್ದ ದೂರದಲ್ಲಿ ಎದುರೆದುರು ಇಟ್ಟು ‘ಬೀಮ್ ಕೆಟಗರಿ’ ಒತ್ತಿ. ಒಂದು ವಿಭಾಗದ ಎಲ್ಲ ಹೆಸರು ಒಮ್ಮೆಗೇ ಹೋಗುತ್ತವೆ. ಮೇಜಿನ ಮೇಲೆ ನೇರ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ.

ಕಂಪ್ಯೂಟರಿನಿಂದ ಹೊಸ ಫೋನಿಗೆ

ಹೊಸ ಫೋನಿಗೆ ಪಾಮ್‌ನ ಭಾಷೆ ತಿಳಿಯುವುದಿಲ್ಲ. ಎಲ್ಲ ಕಡೆ ನಡೆಯುವ ರೂಪಕ್ಕೆ ತರಬೇಕು: ಹೆಸರುಗಳಿಗೆ ವಿಸಿಎಫ್, ದಿನಾಂಕಗಳಿಗೆ ಐಸಿಎಸ್, ಮೆಮೊಗಳಿಗೆ ಸಾದಾ ಪಠ್ಯ. ಪಾಮ್ ಡೆಸ್ಕ್‌ಟಾಪ್‌ನಲ್ಲಿ ಮೊದಲು ಪ್ರೈವೇಟ್ ದಾಖಲೆಗಳನ್ನು ತೋರಿಸುವ ಆಯ್ಕೆ ಹಾಕಿ, ವಿಭಾಗವನ್ನು ‘ಆಲ್’ ಮಾಡಿ, ಆಮೇಲೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಒತ್ತಿ. ಅಲ್ಲೂ ಎಲ್ಲವನ್ನೂ ಎಂದೇ ಆರಿಸಬೇಕು. ಇಲ್ಲದಿದ್ದರೆ ಆಗ ಆರಿಸಿದ್ದ ಒಂದೇ ಹೆಸರು ಹೊರಗೆ ಬರುತ್ತದೆ.

ಹೆಸರುಗಳನ್ನು ವಿಸಿಎಫ್ ಆಗಿ ತೆಗೆಯಿರಿ, ಸಿಎಸ್‌ವಿ (ಕಾಲಂಗಳ ನಡುವೆ ಬರೀ ಅಲ್ಪವಿರಾಮ ಇರುವ ಸಾದಾ ಪಟ್ಟಿ) ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಸಿಎಸ್‌ವಿ ತೆಗೆದರೆ ಯಾರಾದರೂ ಅದನ್ನು ಎಕ್ಸೆಲ್‌ನಲ್ಲಿ ತೆರೆದೇ ತೆರೆಯುತ್ತಾರೆ. ತೆರೆದ ಕೂಡಲೇ ಎಕ್ಸೆಲ್ ಫೋನ್ ನಂಬರನ್ನು ಲೆಕ್ಕದ ಅಂಕಿ ಎಂದು ತಿಳಿಯುತ್ತದೆ. ನಡುವೆ ಗೆರೆ ಹಾಕದೆ 0824 ಎಂದು ಶುರುವಾದ ಮಂಗಳೂರಿನ ನಂಬರಿನ ಸೊನ್ನೆ ಹೋಗಿ 824 ಆಗುತ್ತದೆ. ಉಡುಪಿಯ 0820 ಬರೀ 820. ಗಲ್ಫ್ ನಂಬರಿನ ಮುಂದಿನ ಪ್ಲಸ್ ಮಾಯ. ಉದ್ದದ ನಂಬರು ಚುಕ್ಕಿ ಮತ್ತು ‘ಇ’ ಅಕ್ಷರ ಸೇರಿದ ವಿಜ್ಞಾನದ ಅಂಕಿಯಾಗುತ್ತದೆ. ಅದೇ ರೂಪದಲ್ಲಿ ಸೇವ್ ಮಾಡಿದರೆ ಕೊನೆಯ ಅಂಕಿಗಳು ವಾಪಸ್ ಬರುವುದಿಲ್ಲ. ದಿನಾಂಕಕ್ಕೂ ಇದೇ ಗತಿ. ಮೇ 3 ಎಂದಿದ್ದದ್ದು ಮಾರ್ಚ್ 5 ಆಗುತ್ತದೆ. ಸಿಎಸ್‌ವಿ ಬಿಟ್ಟರೆ ಬೇರೆ ದಾರಿ ಇಲ್ಲ ಎಂದಾದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಒಳಗೆ ತಂದು, ಪ್ರತಿ ಕಾಲಂ ಟೆಕ್ಸ್ಟ್ ಎಂದು ಹೇಳಿ.

ನಮ್ಮ ಕಡೆಗೆ ವಿಶೇಷವಾಗಿ ಇನ್ನೊಂದು. ಡಿಸೋಜ, ಡಿಮೆಲ್ಲೊ, ಡಿಕುನ್ಹ ಎಂಬ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ನಡುವೆ ಒಂದು ಅಪಾಸ್ಟ್ರಫಿ ಬರುತ್ತದೆ. ಅದು ಬಾಗಿದ ಗುರುತಾಗಿದ್ದರೆ ಹೊಸ ಫೋನಿನಲ್ಲಿ ಮೂರು ವಿಚಿತ್ರ ಅಕ್ಷರಗಳಾಗಿ ಅಥವಾ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣಬಹುದು. ಕಾರಣ, ಪಾಮ್ ಬಳಸಿದ್ದು ಹಳೆಯ ವಿಂಡೋಸ್ ಅಕ್ಷರ ಪದ್ಧತಿ, ಈಗಿನದು ಯುನಿಕೋಡ್. ವಿಸಿಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಬಾಗಿದ ಗುರುತನ್ನೆಲ್ಲ ನೇರ ಗುರುತಿಗೆ ಒಮ್ಮೆಲೇ ಬದಲಿಸಿ, ಯುಟಿಎಫ್-8 ಎಂದು ಸೇವ್ ಮಾಡಿ.

ಗೂಗಲ್ ಕಾಂಟ್ಯಾಕ್ಟ್ಸ್ ಅನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ಇಂಪೋರ್ಟ್ ಮಾಡಿ. ಈಗ ತಂದ ಹೆಸರುಗಳಿಗೆಲ್ಲ ಇಂಥ ದಿನ ತಂದದ್ದು ಎಂಬ ಲೇಬಲ್ ತಾನಾಗಿ ಬೀಳುತ್ತದೆ. ಎಡವಟ್ಟಾದರೆ ಆ ಲೇಬಲ್ ಆರಿಸಿ ಎಲ್ಲವನ್ನೂ ಒಟ್ಟಿಗೆ ತೆಗೆಯಬಹುದು. 30 ದಿನದೊಳಗಾದರೆ ಪೂರ್ತಿ ಪಟ್ಟಿಯನ್ನೇ ಹಿಂದಿನ ಸ್ಥಿತಿಗೆ ಒಯ್ಯುವ ಸೌಲಭ್ಯವೂ ಇದೆ. ಪಾಮ್‌ನ ಹಳೆಯ ಅಡ್ರೆಸ್ ಬುಕ್‌ನಲ್ಲಿ ಒಬ್ಬರಿಗೆ ಐದು ಫೋನ್ ಜಾಗ, ನಾಲ್ಕು ಕಸ್ಟಮ್ ಜಾಗ ಇದ್ದವು. ಕಸ್ಟಮ್‌ನಲ್ಲಿ ಹುಟ್ಟಿದ ದಿನ, ನಕ್ಷತ್ರ, ಗೋತ್ರ ಬರೆದಿಟ್ಟವರು ಜಾಸ್ತಿ. ಅವು ಸರಿಯಾಗಿ ಬಂದಿವೆಯಾ ಎಂದು ಐದಾರು ಹೆಸರು ತೆರೆದು ಪಾಮ್ ಜೊತೆ ಇಟ್ಟು ನೋಡಿ.

ದಿನಚರಿಗೆ ಸ್ವಲ್ಪ ಸುತ್ತು ದಾರಿ. ಪಾಮ್ ಡೆಸ್ಕ್‌ಟಾಪ್ ಕೊಡುವುದು ವಿಕ್ಯಾಲ್ ಎಂಬ ಹಳೆಯ ರೂಪ, ಗೂಗಲ್ ಕ್ಯಾಲೆಂಡರ್‌ಗೆ ಬೇಕಾದ್ದು ಐಸಿಎಸ್. ಔಟ್‌ಲುಕ್ ಇದ್ದರೆ ವಿಕ್ಯಾಲ್ ಅನ್ನು ಅದಕ್ಕೆ ತಂದು, ಅಲ್ಲಿಂದ ಐಸಿಎಸ್ ಆಗಿ ಸೇವ್ ಮಾಡಿ. ಜೆ-ಪೈಲಟ್ ಬಳಸಿದವರಿಗೆ ಈ ತಲೆನೋವಿಲ್ಲ, ಅದು ನೇರ ಐಸಿಎಸ್ ಕೊಡುತ್ತದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ‘ಹಳೆಯ ಪಾಮ್’ ಎಂದು ಬೇರೆಯೇ ಕ್ಯಾಲೆಂಡರ್ ಮಾಡಿ ಅದರೊಳಗೆ ಇಂಪೋರ್ಟ್ ಮಾಡಿ. ಹಾಳಾದರೆ ಆ ಕ್ಯಾಲೆಂಡರ್ ಮಾತ್ರ ಅಳಿಸಿದರಾಯಿತು, ನಿಮ್ಮ ಈಗಿನ ದಿನಚರಿಗೆ ಏನೂ ಆಗುವುದಿಲ್ಲ. ಇಂಪೋರ್ಟ್‌ಗೆ ಮೊದಲು ಟೈಮ್ ಝೋನ್ ಕೋಲ್ಕತಾ ಎಂದಿರಲಿ. ದುಬೈಯಲ್ಲಿ ಕೂತು ಅಲ್ಲಿನ ಸಮಯದಲ್ಲಿ ಮಾಡಿದರೆ ಊರಿನ ಎಲ್ಲ ಕಾರ್ಯಕ್ರಮ ಒಂದೂವರೆ ಗಂಟೆ ಆಚೀಚೆ ಆಗಬಹುದು.

ವರ್ಷ ವರ್ಷ ಮರಳಿ ಬರುವ ದಿನಗಳನ್ನು ಒಂದೊಂದಾಗಿ ನೋಡಿ. ಪರೀಕ್ಷೆಗೆ ಒಳ್ಳೆಯದು ಪರ್ಯಾಯ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಜನವರಿ 18ಕ್ಕೆ. ಪಾಮ್‌ನಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ಹಾಕಿದ್ದರೆ ಹೊಸ ಕ್ಯಾಲೆಂಡರಿನಲ್ಲಿ 2026, 2028ಕ್ಕೆ ಮಾತ್ರ ಕಾಣಬೇಕು. 2027ರಲ್ಲೂ ಕಂಡರೆ ಮರಳುವ ಲೆಕ್ಕ ಕೆಟ್ಟಿದೆ ಎಂದು ತಿಳಿಯಿರಿ. ಶ್ರಾದ್ಧದ ತಿಥಿ, ಊರಿನ ದೇವಸ್ಥಾನದ ಜಾತ್ರೆ, ಅಷ್ಟಮಿ ಇವನ್ನು ಇಂಗ್ಲಿಷ್ ತಾರೀಕಿಗೆ ವರ್ಷಕ್ಕೊಮ್ಮೆ ಎಂದು ಹಾಕಿದ್ದರೆ ಆ ಮರಳುವಿಕೆಯನ್ನು ತೆಗೆದುಬಿಡಿ. ಪಂಚಾಂಗದ ದಿನ ಇಂಗ್ಲಿಷ್ ತಾರೀಕಿಗೆ ನಿಲ್ಲುವುದಿಲ್ಲ. ತಿಥಿ ಯಾವುದು ಎಂಬುದನ್ನು ಮಾತ್ರ ಟಿಪ್ಪಣಿಯಲ್ಲಿ ಉಳಿಸಿಕೊಳ್ಳಿ.

ಟುಡು ಪಟ್ಟಿಯನ್ನು ಸಾದಾ ಪಠ್ಯವಾಗಿ ಇಟ್ಟರೆ ಸಾಕು.

ಯಾವುದೋ ವೆಬ್‌ಸೈಟಿಗೆ ಹಾಕಿದರೆ ಕ್ಷಣದಲ್ಲಿ ಬದಲಿಸಿ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಫೈಲಿನಲ್ಲಿ ನಿಮ್ಮ ಇಡೀ ಬಳಗದ ಮನೆ ವಿಳಾಸ ಇದೆ.

ಮೆಮೊಗಳು: ಇಲ್ಲಿ ಹೊತ್ತು ಕೊಡಿ

ನನ್ನ ಮಟ್ಟಿಗೆ ಪಾಮ್‌ನ ನಿಜವಾದ ಸಂಪತ್ತು ಮೆಮೊಗಳಲ್ಲಿ ಇರುತ್ತದೆ. ಪಠ್ಯವಾಗಿ ಹೊರತೆಗೆದು ಮನೆಯವರ ಜೊತೆ ಕೂತು ಓದಿ. ಬ್ಯಾಂಕ್ ಖಾತೆಗಳ ವಿವರ ಕಂಡರೆ ನಿಲ್ಲಿ. ನಮ್ಮ ಊರಲ್ಲೇ ಹುಟ್ಟಿದ ಮೂರು ಬ್ಯಾಂಕುಗಳು ಈಗ ಆ ಹೆಸರಿನಲ್ಲಿ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿದವು. ಮೆಮೊದಲ್ಲಿರುವ ಐಎಫ್‌ಎಸ್‌ಸಿ ಕೋಡ್ ಈಗ ನಡೆಯುವುದಿಲ್ಲ, ಆದರೆ ಖಾತೆ ನಂಬರು, ಶಾಖೆಯ ಹೆಸರು, ಎಫ್‌ಡಿ ಇಟ್ಟ ದಿನಾಂಕ ಬಹಳ ಬೆಲೆಯವು. ಮರೆತುಹೋದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಎಂಬ ಪೋರ್ಟಲ್ ತೆರೆದಿದೆ. ಅಜ್ಜನ ಹೆಸರು ಹಾಕಿ ಒಮ್ಮೆ ನೋಡಿ.

ಪಿನ್, ಪಾಸ್‌ವರ್ಡ್ ಇರುವ ಮೆಮೊಗಳನ್ನು ಬೇರೆ ತೆಗೆಯಿರಿ. ಅವು ಪಠ್ಯ ಫೈಲಾಗಿ ಡ್ರೈವ್‌ನಲ್ಲೋ ವಾಟ್ಸಾಪ್‌ನಲ್ಲೋ ಓಡಾಡಬಾರದು.

ಕ್ಯಾಸಿಯೊ ಡೈರಿ, ಕೀಪ್ಯಾಡ್ ಫೋನು

ಕ್ಯಾಸಿಯೊ ಡಿಜಿಟಲ್ ಡೈರಿಗಳಲ್ಲಿ ಸಾಮಾನ್ಯವಾಗಿ ಮುಖ್ಯ ಬ್ಯಾಟರಿ ಬೇರೆ, ನೆನಪು ಕಾಯುವ ಬ್ಯಾಟರಿ ಬೇರೆ. ಎರಡನ್ನೂ ಒಟ್ಟಿಗೆ ತೆಗೆದರೆ ಎಲ್ಲ ಅಳಿಯಿತು. ಒಂದನ್ನು ಬದಲಿಸಿ ಮುಚ್ಚಳ ಹಾಕಿ, ಆನ್ ಮಾಡಿ ನೋಡಿ, ಆಮೇಲೆ ಇನ್ನೊಂದು. ಅದರ ಜೋಡಣೆಯ ತಂತಿ ಹುಡುಕುವುದಕ್ಕಿಂತ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆಯುವುದು ವಾಸಿ. ಫ್ಲ್ಯಾಶ್ ಬೇಡ, ಕಿಟಕಿಯ ಪಕ್ಕದ ಬೆಳಕಿನಲ್ಲಿ ಸ್ವಲ್ಪ ಓರೆಯಾಗಿ ಹಿಡಿದರೆ ಅಕ್ಷರ ಸ್ಪಷ್ಟ ಬರುತ್ತದೆ. ಆಮೇಲೆ ಕೂತು ಟೈಪ್ ಮಾಡಿ. ಸೀಕ್ರೆಟ್ ವಿಭಾಗವೂ ಒಂದು ಇರುತ್ತದೆ, ಅದನ್ನು ಮರೆಯಬೇಡಿ.

ಕೀಪ್ಯಾಡ್ ಫೋನಿನಲ್ಲಿ ಬ್ಲೂಟೂತ್ ಇದ್ದರೆ ಹೆಸರುಗಳನ್ನು ಬಿಸಿನೆಸ್ ಕಾರ್ಡ್ ಆಗಿ ಹೊಸ ಫೋನಿಗೆ ಕಳಿಸಿ. ಸಿಮ್‌ಗೆ ಕಾಪಿ ಮಾಡುವುದು ಕೊನೆಯ ದಾರಿ. ಸಿಮ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ ಒಂದೇ ನಂಬರು, ಉದ್ದ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ.

ನಂಬರುಗಳನ್ನು ಬದುಕಿಸುವುದು

ಎಲ್ಲ ಹೊಸ ಫೋನಿಗೆ ಬಂತು. ಆದರೆ ಫೋನ್ ಮಾಡಿದರೆ ಹೋಗುವುದಿಲ್ಲ. ಹಳೆಯ ಲ್ಯಾಂಡ್‌ಲೈನ್ ನಂಬರುಗಳಿಗೆ 2000ದ ದಶಕದ ಆರಂಭದಲ್ಲಿ ಮುಂದೆ 2 ಸೇರಿತು. ಮಂಗಳೂರಿನ ಆರಂಕಿ ಏಳಂಕಿ ಆಯಿತು, ಕಾರ್ಕಳ, ಕುಂದಾಪುರ, ಪುತ್ತೂರು ಕಡೆಯ ಐದಂಕಿ ಆರಂಕಿ ಆಯಿತು. ಪರೀಕ್ಷೆ ಸುಲಭ: ಸೊನ್ನೆಯಿಂದ ಶುರುವಾಗುವ ಎಸ್‌ಟಿಡಿ ಕೋಡ್ ಸೇರಿಸಿ ಒಟ್ಟು ಹನ್ನೊಂದು ಅಂಕಿ ಇರಬೇಕು. 0824 ಆದರೆ ಮುಂದೆ ಏಳು, ಕಾರ್ಕಳದ 08258 ಆದರೆ ಮುಂದೆ ಆರು. ಹತ್ತೇ ಇದ್ದರೆ ಆ 2 ಬಿಟ್ಟುಹೋಗಿದೆ.

ಗಲ್ಫ್ ನಂಬರುಗಳೂ ಬದಲಾಗಿವೆ. ಕುವೈತ್‌ನಲ್ಲಿ 2008ರಲ್ಲಿ ಏಳಂಕಿ ಎಂಟಂಕಿ ಆಯಿತು, ಮನೆ ಫೋನುಗಳಿಗೆ ಮುಂದೆ 2 ಬಂತು. ಕತಾರ್‌ನಲ್ಲಿ 2010ರಲ್ಲಿ ಮೊದಲ ಅಂಕಿಯನ್ನೇ ಇನ್ನೊಮ್ಮೆ ಸೇರಿಸಿದರು. 5ರಿಂದ ಶುರುವಾಗುತ್ತಿದ್ದದ್ದು ಈಗ 55. ತಿದ್ದುವಾಗ ಎಲ್ಲದಕ್ಕೂ ಪ್ಲಸ್ ಮತ್ತು ದೇಶದ ಕೋಡ್ ಹಾಕಿ: ಭಾರತ 91, ಯುಎಇ 971, ಸೌದಿ 966, ಕುವೈತ್ 965, ಕತಾರ್ 974, ಬಹ್ರೇನ್ 973, ಒಮಾನ್ 968. ಕೋಡ್ ಇದ್ದರೆ ವಾಟ್ಸಾಪ್‌ಗೂ ಆಳು ಸಿಗುತ್ತಾರೆ. ಉಡುಪಿಯ ವಿಳಾಸಗಳಲ್ಲಿ ‘ದ.ಕ.’ ಎಂದು ಕಂಡರೆ ಅವು 1997ಕ್ಕೆ ಮೊದಲು, ಉಡುಪಿ ಬೇರೆ ಜಿಲ್ಲೆ ಆಗುವ ಮುಂಚಿನ ಅಭ್ಯಾಸದವು. ಅದನ್ನೂ ಸರಿ ಮಾಡಿ.

ಈ ಕೆಲಸ ಒಬ್ಬರೇ ಕೂತು ಮಾಡುವುದಲ್ಲ. ಆ ಹೆಸರುಗಳನ್ನು ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

“ಅಪ್ಪ, ಈ ‘ಶೆಟ್ಟಿ ಕಂಕನಾಡಿ’ ಯಾರು?”

“ಗ್ಯಾರೇಜಿನ ಶೆಟ್ರು. ಈಗ ಮಗ ನೋಡಿಕೊಳ್ಳುವುದು. ನಂಬರು ಅದೇ ಇರಬೇಕು, ಒಮ್ಮೆ ಮಾಡಿ ನೋಡು.”

“ಮತ್ತೆ ‘ಭಟ್ ಶಿರ್ವ’?”

“ಅವರು ಹೋದರು ಮಾರಾಯ. ಆದರೆ ಅಳಿಸಬೇಡ. ನಮ್ಮ ಜಾಗದ ಗಡಿ ಅವರ ಮನೆಯವರಿಗೇ ಗೊತ್ತಿರುವುದು.”

ಶೆಟ್ಟಿ, ಭಟ್, ಪೂಜಾರಿ, ಪೈ, ಕಾಮತ್, ಒಂದೊಂದು ಹೆಸರಿನಲ್ಲಿ ಹತ್ತಿಪ್ಪತ್ತು ಜನ. ಯಾರ ಕಡೆಯವರು, ಯಾವ ಊರು, ಏನು ಸಂಬಂಧ ಎಂದು ಟಿಪ್ಪಣಿ ಜಾಗದಲ್ಲಿ ಆಗಲೇ ಬರೆಯಿರಿ. ಹೋಗದ ನಂಬರನ್ನು ತೆಗೆದರೂ ಹೆಸರನ್ನು ತೆಗೆಯಬೇಡಿ. ಹಳೆಯವರು ಎಂಬ ಲೇಬಲ್ ಹಾಕಿ ಬೇರೆ ಇಡಿ.

ಹಳೆಯ ಸಾಧನವನ್ನು ಏನು ಮಾಡುವುದು

ಅವಸರ ಬೇಡ. ಹೊಸ ಫೋನಿನಲ್ಲಿ ಎಲ್ಲ ಸರಿಯಿದೆ ಎಂದು ಒಂದೆರಡು ತಿಂಗಳು ಬಳಸಿ ನೋಡಿದ ಮೇಲೆ, ಮೂಲ ಪ್ರತಿ ಎರಡು ಕಡೆ ಇದೆ ಎಂದು ಖಚಿತ ಆದ ಮೇಲೆ ಮುಂದುವರಿಯಿರಿ. ಯಾರಿಗಾದರೂ ಕೊಡುವುದಾದರೆ ಒಳಗಿನದನ್ನು ಅಳಿಸಿಯೇ ಕೊಡಬೇಕು. ಪವರ್ ಬಟನ್ ಒತ್ತಿ ಹಿಡಿದು, ಹಿಂಬದಿಯ ಚಿಕ್ಕ ರಂಧ್ರದಲ್ಲಿ ರೀಸೆಟ್ ಒತ್ತಿ ಬಿಡಿ. ಪಾಮ್ ಎಂಬ ಗುರುತು ಬಂದಾಗ ಪವರ್ ಬಿಡಿ. ಎಲ್ಲ ಅಳಿಸಲೇ ಎಂದು ಕೇಳಿದಾಗ ಮೇಲಿನ ಬಾಣದ ಬಟನ್ ಒತ್ತಿ. ಮೆಮೊರಿ ಕಾರ್ಡ್ ಇದ್ದರೆ ಅದನ್ನು ಮೊದಲೇ ಹೊರಗೆ ತೆಗೆಯಿರಿ, ರೀಸೆಟ್ ಮಾಡಿದರೂ ಕಾರ್ಡಿನಲ್ಲಿದ್ದದ್ದು ಅಳಿಯುವುದಿಲ್ಲ. ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಪೆನ್ಸಿಲ್ ಸೆಲ್ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಳಗೆ ಕೂರಿಸಿದ ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.